ಮೂರನೇ ಗೇರಿನಲ್ಲಿ ಮಣಿಪಾಲ

ನನ್ನ ಕೆಲಸ ಹಲ್ಲು ಕಟ್ಟುವುದು. ಮಣಿಪಾಲದ ಒಂದು ಲ್ಯಾಬಿನಲ್ಲಿ ಕುಳಿತು, ಮುಖವನ್ನೇ ನೋಡದ ಮನುಷ್ಯರ ಬಾಯಿಗೆ ಹಲ್ಲಿನ ಸೆಟ್ಟು ಮಾಡುತ್ತೇನೆ. ಮೇಲಿನ ಹಲ್ಲು ಕೆಳಗಿನದಕ್ಕೆ ಎಲ್ಲಿ ತಾಗಬೇಕು, ಎಲ್ಲಿ ಕೂದಲೆಳೆಯಷ್ಟು ಜಾಗ ಬಿಡಬೇಕು ಎಂದು ನೋಡುವುದರಲ್ಲೇ ಇಪ್ಪತ್ತು ವರ್ಷ ಕಳೆದವಳು ನಾನು. ಹಾಗಾಗಿ ಅಪ್ಪನ ಕಾರಿನ ಎಂಜಿನ್ ಬಿಚ್ಚಿದಾಗ, ಅಳತೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಕಾಪು ಸೀಮೆಯಲ್ಲೇ ಇಲ್ಲ ಎಂದು ತಿಳಿದುಕೊಂಡಿದ್ದೆ. ಸೊಕ್ಕು ಎಂದರೂ ನಡೆಯುತ್ತದೆ. ಅಮ್ಮ ಹಾಗೆಯೇ ಹೇಳುವುದು.

ಅಪ್ಪ ಮೂವತ್ತೆಂಟು ವರ್ಷ ಕಾಪು ಪೇಟೆಯ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿ ಇಟ್ಟವರು. ಅಷ್ಟೂ ವರ್ಷ ಒಂದೇ ಕಾರು. ಗೇರಿನ ಕೋಲು ಸ್ಟಿಯರಿಂಗಿನ ಬುಡದಲ್ಲೇ ಇರುವ, ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕಿರುವ ಹಳೆಯ ಕಾಲದ ಪೆಟ್ಟಿಗೆ ಕಾರು. ಐದು ವರ್ಷದ ಹಿಂದೆ ಟ್ಯಾಕ್ಸಿ ಬಿಟ್ಟ ಮೇಲೆ ಕಪ್ಪು-ಹಳದಿ ಕೆರೆದು ಕೆನೆ ಬಣ್ಣ ಹೊಡೆಸಿದರು. ಎಂಜಿನ್ ಮಾತ್ರ ಹಳೆಯದೇ ಉಳಿಯಿತು. ಕಳೆದ ವರ್ಷದ ಹೊತ್ತಿಗೆ ಅದು ಬಿಡುತ್ತಿದ್ದ ಹೊಗೆಗೆ ನಮ್ಮ ಓಣಿಯಲ್ಲಿ ಒಂದು ಸೊಳ್ಳೆಯೂ ಉಳಿದಿರಲಿಲ್ಲ.

ಎಂಜಿನ್ ಬಿಚ್ಚಲು ಬಂದವರು ಕಲ್ಯಾಣಪುರದ ಮೆಕ್ಯಾನಿಕ್. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯವರು. ಗಲ್ಫಿನಲ್ಲಿ ರೇಸ್ ಕಾರಿನ ಎಂಜಿನ್ ಕಟ್ಟುವ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ದುಡಿದು, ಊರಿಗೆ ಬಂದು, ತೆಂಗಿನ ಮರ ಎಣಿಸುತ್ತ ಬೇಸತ್ತಿದ್ದರು. ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಅಂಗಿಯಲ್ಲೇ ಸ್ಕೂಟರಿನಲ್ಲಿ ನಮ್ಮ ಶೆಡ್ಡಿಗೆ ಬರುತ್ತಿದ್ದರು. ಮೊದಲ ದಿನವೇ ಅಪ್ಪನನ್ನು ಕೇಳಿದರು.

"ಅಣ್ಣ, ರಿಪೇರಿ ಮಾತ್ರ ಸಾಕಾ, ಸ್ವಲ್ಪ ಪವರ್ ಸಹ ಬೇಕಾ? ಎಂತಕ್ಕೆ ಹೇಳಿ, ಅದರ ಮೇಲೆ ಕಟ್ಟುವ."

ಅಪ್ಪ ಸ್ಪ್ಯಾನರ್ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ನೆಲ ನೋಡುತ್ತ ಹೇಳಿದರು. "ಮಣಿಪಾಲದ ಏರು ಉಂಟಲ್ಲ. ಅದನ್ನು ಒಂದು ಸಲ ಥರ್ಡಿನಲ್ಲಿ ಹತ್ತಬೇಕು. ತುಂಬಿದ ಗಾಡಿಯಲ್ಲಿ. ಲೈಸೆನ್ಸ್ ಮುಗಿಯುವ ಮೊದಲು."

ನಾನು ದಂಗಾದೆ. ಲೈಸೆನ್ಸ್ ಮೇ ಕೊನೆಗೆ ಮುಗಿಯುವುದಿತ್ತು. ಅದನ್ನು ಮತ್ತೆ ಮಾಡಿಸುವುದಿಲ್ಲ, ಕಣ್ಣು ಮೊದಲಿನಂತಿಲ್ಲ, ಇನ್ನು ಸಾಕು ಎಂದು ಅವರೇ ತೀರ್ಮಾನಿಸಿದ್ದರು. ಅದು ನಮಗೆಲ್ಲ ಗೊತ್ತಿತ್ತು. ಈ ಆಸೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಕಾಪುವಿನಿಂದ ಮಣಿಪಾಲದ ಆಸ್ಪತ್ರೆಗೆ ರೋಗಿಗಳನ್ನು, ಅವರ ಮನೆಯವರನ್ನು, ಚಾಪೆ, ಬಕೆಟು, ಗಂಜಿಯ ಪಾತ್ರೆಗಳನ್ನು ತುಂಬಿಸಿಕೊಂಡು ಹೋಗುವಾಗ ಇಂದ್ರಾಳಿ ದಾಟಿ ಏರು ಶುರುವಾದ ಕೂಡಲೇ ಎಂಜಿನ್ ಏದುಸಿರು ಬಿಡುತ್ತಿತ್ತು. ಮೂರರಿಂದ ಎರಡನೇ ಗೇರಿಗೆ ಇಳಿಸಲೇಬೇಕು. ಕಾರು ಕಿರುಚುತ್ತ ತೆವಳುತ್ತದೆ. ಹಿಂದಿನಿಂದ ಬಂದ ಎಕ್ಸ್‌ಪ್ರೆಸ್ ಬಸ್ಸು ಮುಂದೆ ಹೋಗುವಾಗ ಫುಟ್‌ಬೋರ್ಡಿನಿಂದ ಕಂಡಕ್ಟರ್ ಟಾಟಾ ಮಾಡುತ್ತಾನೆ. ಮೂವತ್ತೆಂಟು ವರ್ಷದಲ್ಲಿ ಎಷ್ಟೋ ಕಂಡಕ್ಟರುಗಳು ಬದಲಾದರು, ಟಾಟಾ ಬದಲಾಗಲಿಲ್ಲ ಎಂದರು ಅಪ್ಪ. ನಗುತ್ತಲೇ ಹೇಳಿದರು. ಆದರೆ ಅವರಿಗೆ ಅದರಿಂದ ಎಷ್ಟು ನೋವಾಗಿತ್ತು ಎಂದು ನನಗೆ ಆವತ್ತೇ ಗೊತ್ತಾದದ್ದು.

ಶೆಡ್ಡಿನ ಬಾಗಿಲಿನಲ್ಲಿ ಚಹಾ ಹಿಡಿದು ನಿಂತಿದ್ದ ಅಮ್ಮನಿಗೂ ಮಾತು ಸಿಕ್ಕಿತು. "ಇವಳು ಹುಟ್ಟುವ ದಿನ ನನ್ನನ್ನು ಇದರಲ್ಲೇ ಕರೆದುಕೊಂಡು ಹೋದದ್ದು. ನಡೆದು ಹೋಗಿದ್ದರೆ ಬೇಗ ಮುಟ್ಟುತ್ತಿದ್ದೆ. ನೋವು ತಡೆಯಲಿಕ್ಕೆ ಆಗುದಿಲ್ಲ, ಸ್ವಲ್ಪ ಕೈ ಹಿಡಿದುಕೊಳ್ಳಿ ಅಂತ ಹೇಳಿದರೆ ಈ ಮನುಷ್ಯ ಎಂತ ಹೇಳಿದ್ದು ಗೊತ್ತುಂಟಾ? ‘ತಡಿ, ಸೆಕೆಂಡಿಗೆ ಹಾಕಬೇಕು’ ಅಂತ!"

ಮೆಕ್ಯಾನಿಕ್ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಅಪ್ಪ ಸ್ಪ್ಯಾನರನ್ನು ಮೂರನೇ ಸಲ ಒರೆಸತೊಡಗಿದರು.

ಹೀಗೆ ನಮ್ಮ ಮನೆಯಲ್ಲಿ ಒಂದು ಪರ್ಫಾರ್ಮೆನ್ಸ್ ಎಂಜಿನಿನ ಕೆಲಸ ಶುರುವಾಯಿತು. ಸಿಲಿಂಡರ್ ಕೊರೆಸಿ ದೊಡ್ಡದು ಮಾಡಿದೆವು. ಅದಕ್ಕೆ ಸರಿಯಾದ ಪಿಸ್ಟನ್‌ಗಳ ಒಂದೇ ಒಂದು ಸೆಟ್ಟು ಕಾರ್ಕಳದ ಒಂದು ಹಳೆಯ ಅಂಗಡಿಯ ಅಟ್ಟದಲ್ಲಿ ಸಿಕ್ಕಿತು. "ಇದು ಹೋದರೆ ಇನ್ನೊಂದು ಇಲ್ಲ, ದೇವರಿಗೆ ಹರಕೆ ಹೊತ್ತರೂ ಬರುದಿಲ್ಲ" ಎಂದರು ಅಂಗಡಿಯವರು. ಸಿಲಿಂಡರಿನ ಮುಚ್ಚಳವಾದ ಹೆಡ್ಡನ್ನು ಸ್ವಲ್ಪ ಕೆತ್ತಿಸಿ ತೆಳುವಾಗಿಸಿದೆವು. ಉಳಿದದ್ದು ರಾಕರ್. ನಾನು ಹುಚ್ಚಾದದ್ದು ಅಲ್ಲಿ.

ರಾಕರ್ ಎಂದರೆ ಬೆರಳುದ್ದದ ಒಂದು ಕಬ್ಬಿಣದ ತೋಳು, ಮಕ್ಕಳು ಏರಿಳಿದು ಆಡುವ ಸೀಸಾ ಹಲಗೆಯ ಹಾಗೆ. ಕೆಳಗಿನಿಂದ ಒಂದು ಸರಳು ಅದರ ಒಂದು ತುದಿಯನ್ನು ಮೇಲೆ ತಳ್ಳಿದರೆ, ಇನ್ನೊಂದು ತುದಿ ಕೆಳಗೆ ಬಂದು ವಾಲ್ವನ್ನು ಒತ್ತಿ ತೆರೆಯುತ್ತದೆ. ಆ ಬಾಗಿಲಿನಿಂದಲೇ ಎಂಜಿನಿನ ಉಸಿರಾಟ. ಸೀಸಾದ ನಡುಗಂಬ ಸರಿಯಾಗಿ ಮಧ್ಯದಲ್ಲಿಲ್ಲ. ವಾಲ್ವಿನ ಕಡೆಯ ತೋಳು ಒಂದೂವರೆ ಪಾಲು ಉದ್ದ, ಹಾಗಾಗಿ ಸರಳು ಒಂದು ಮಿಲಿಮೀಟರ್ ಏರಿದರೆ ವಾಲ್ವು ಒಂದೂವರೆ ಮಿಲಿಮೀಟರ್ ತೆರೆಯುತ್ತದೆ. ಅದೇ ರೇಶಿಯೋ, 1.5. ತೋಳನ್ನು ಇನ್ನೂ ಉದ್ದ ಮಾಡಿದರೆ ಬಾಗಿಲು ಇನ್ನೂ ಅಗಲ, ಉಸಿರು ಇನ್ನೂ ಜಾಸ್ತಿ. ಆದರೆ ವಾಲ್ವು ಕೆಳಗೆ ಬರುವ ಹೊತ್ತಿಗೆ ಪಿಸ್ಟನ್ ಮೇಲೆ ಬರುತ್ತಿರುತ್ತದೆ. ಎರಡೂ ತಾಗಿದರೆ ಮುಗಿಯಿತು, ವಾಲ್ವು ಬಾಗುತ್ತದೆ, ಪಿಸ್ಟನ್ ತೂತಾಗುತ್ತದೆ.

ಇದನ್ನು ಅರ್ಥ ಮಾಡಿಕೊಂಡ ರಾತ್ರಿ ನನಗೆ ಖುಷಿಯಿಂದ ನಿದ್ದೆ ಬರಲಿಲ್ಲ. ಇದು ನನ್ನದೇ ಕಸುಬು! ಮೇಲಿನ ಹಲ್ಲು, ಕೆಳಗಿನ ಹಲ್ಲು, ನಡುವಿನ ಜಾಗ. ಮೊಬೈಲಿನಲ್ಲಿ ವಿಡಿಯೊ ನೋಡಿ, ಬಸ್ಸಿನ ಟಿಕೆಟಿನ ಹಿಂದೆ ಲೆಕ್ಕ ಹಾಕಿ, ಲ್ಯಾಬಿನಲ್ಲಿ ಸಹೋದ್ಯೋಗಿಗಳ ತಲೆ ತಿಂದೆ. ಯಾರದೋ ದವಡೆಯ ಅಚ್ಚನ್ನು ಕೈಯಲ್ಲಿ ಹಿಡಿದು, "ಇವರ ರೇಶಿಯೋ ಎಷ್ಟಿರಬಹುದು?" ಎಂದು ಕೇಳಿದ್ದೂ ಉಂಟು.

ಮೆಕ್ಯಾನಿಕ್ 1.6 ಸಾಕು ಎಂದರು. ನಾನು 1.7 ಆಗಲೇಬೇಕು ಎಂದು ಹಠ ಹಿಡಿದೆ. ಜಗಳ ತೀರದೆ ಕಾರ್ಕಳದಲ್ಲಿ ಕಬ್ಬಿಣ ಕಡೆಯುವ ಲೇತಿನವರಿಂದ ಎರಡೂ ಸೆಟ್ಟು ಮಾಡಿಸಿದೆವು. ಅವನ್ನು ತರಲು ಹೋದವಳು ನಾನು. ಹದಿನಾರು ರಾಕರುಗಳನ್ನು ಎರಡು ಟಿಫಿನ್ ಡಬ್ಬಿಗಳಲ್ಲಿ ತುಂಬಿಸಿಕೊಂಡು ಬಸ್ಸಿನಲ್ಲಿ ಬರುವಾಗ ಬೆಳ್ಮಣ್ಣಿನಲ್ಲಿ ಹತ್ತಿದ ಹೆಂಗಸೊಬ್ಬರು ಡಬ್ಬಿಯ ಸದ್ದು ಕೇಳಿ, "ಎಂತ ಉಂಟು ಅದರಲ್ಲಿ, ಚಕ್ಕುಲಿಯಾ?" ಎಂದರು. ಹೌದು ಎಂದೆ. ಒಂದು ಕೊಡಿ ಎಂದು ಕೇಳಿಯಾರು ಎಂದು ಕಾಪು ಬರುವವರೆಗೂ ಹೆದರಿಕೆ.

ಯಾವ ಸೆಟ್ಟು ಎಂದು ತೀರ್ಮಾನಿಸಲು ಒಂದು ಕ್ರಮ ಉಂಟು. ಪಿಸ್ಟನ್ನಿನ ತಲೆಯ ಮೇಲೆ ಮಕ್ಕಳು ಆಡುವ ಜೇಡಿಯಂಥ ಮೆತ್ತನೆಯ ಮುದ್ದೆ ಇಟ್ಟು, ಹೆಡ್ ಬಿಗಿದು, ಎಂಜಿನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಬೇಕು. ವಾಲ್ವು ಬಂದು ಮುದ್ದೆಯನ್ನು ಒತ್ತುತ್ತದೆ. ಮತ್ತೆ ಬಿಚ್ಚಿ, ಒತ್ತಿದ ಜಾಗವನ್ನು ಕತ್ತರಿಸಿ ದಪ್ಪ ಅಳೆದರೆ, ಎರಡರ ನಡುವೆ ಉಳಿಯುವ ಜಾಗ ಗೊತ್ತಾಗುತ್ತದೆ. "ಒಂದೂವರೆ ಮಿಲಿಮೀಟರಿಗಿಂತ ಕಡಿಮೆ ಬಂದರೆ ಹಾಕುವ ಹಾಗಿಲ್ಲ" ಎಂದರು ಮೆಕ್ಯಾನಿಕ್.

"ಜೇಡಿಯಾ?" ಎಂದು ನಾನು ಮೂಗು ಮುರಿದೆ. ಹಲ್ಲಿನ ಅಚ್ಚು ತೆಗೆಯುವ ಮುದ್ದೆ ನನ್ನ ಬಳಿ ಇರುವಾಗ ಜೇಡಿ ಯಾಕೆ? ಎರಡು ಬಣ್ಣದ ಮುದ್ದೆಗಳನ್ನು ಕಲಸಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಿ, ಚರ್ಮದ ಗೆರೆಯನ್ನೂ ಬಿಡದೆ ಹಿಡಿಯುವ ವಸ್ತು ಅದು. ಒಂದು ಡಬ್ಬಿ ಕೊಂಡು ತಂದು, ಕೈಗವಸು ಹಾಕಿಕೊಂಡು, ಡಾಕ್ಟರಂತೆ ಗತ್ತಿನಿಂದ ಕಲಸಿ ಪಿಸ್ಟನ್ನಿನ ಮೇಲಿಟ್ಟೆ. ಅವರಿಬ್ಬರೂ ಹೆಡ್ ಕೂರಿಸಿ ಬೋಲ್ಟ್ ಬಿಗಿದರು. 1.7 ರಾಕರುಗಳನ್ನು ಹಾಕಿದರು. ಅಪ್ಪ ತಿರುಗಿಸಿದರು. ಬಿಚ್ಚಿ, ಕತ್ತರಿಸಿ, ದಪ್ಪ ಅಳೆಯುವ ಕ್ಯಾಲಿಪರ್ ಇಟ್ಟೆ. ಎರಡು ಪಾಯಿಂಟ್ ನಾಲ್ಕು!

ಹಾರಿಬಿಟ್ಟೆ. ನಿಜವಾಗಿಯೂ ಹಾರಿದೆ, ನಲವತ್ತೆರಡರ ವಯಸ್ಸಿನಲ್ಲಿ. "ನೋಡಿ, ಎಷ್ಟು ಜಾಗ ಉಂಟು! ಇವರಿಗೆ ರೇಸಿನ ಮೆಕ್ಯಾನಿಕ್ ಅಂತ ಯಾರು ಹೇಳಿದ್ದು?" ಎಂದು ಅವರ ಕಾಲೆಳೆದೆ. ಮೆಕ್ಯಾನಿಕ್ ತಲೆ ಕೆರೆದುಕೊಂಡು, "ಅಳತೆ ಹೇಳಿದ ಮೇಲೆ ನಾನು ಎಂತ ಹೇಳುದು ಮಾರಾಯ್ತಿ" ಎಂದು ಸೋಲೊಪ್ಪಿದರು. 1.7 ಎಂದು ತೀರ್ಮಾನವಾಯಿತು. ಊಟದ ನಂತರ ಎಲ್ಲವನ್ನೂ ಕೊನೆಯ ಸಲಕ್ಕೆ ಬಿಗಿದು, ಸಂಜೆ ಎಂಜಿನ್ ಶುರು ಮಾಡುವುದು ಎಂದಾಯಿತು.

ಅಂಗಳದಲ್ಲಿ ಅಮ್ಮ ಹಲಸಿನ ಹಪ್ಪಳ ಒತ್ತಲು ಅಣಿಯಾಗುತ್ತಿದ್ದಳು. ಬೆಂದ ಹಲಸಿನ ಸೊಳೆಯನ್ನು ಗುದ್ದಿದ ದೊಡ್ಡ ಮುದ್ದೆ ಪಕ್ಕದಲ್ಲಿ, ಎದುರಿಗೆ ಎರಡು ಮಣೆ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆ. ನಾನು ಗೆದ್ದ ಹುಮ್ಮಸ್ಸಿನಲ್ಲಿ ನನ್ನ ಗುಲಾಬಿ ಬಣ್ಣದ ಮುದ್ದೆಯ ತುಂಡನ್ನು ತೋರಿಸಲು ಹೋದೆ. ಅಮ್ಮ ಅದನ್ನು ತೆಗೆದುಕೊಂಡು ಹೆಬ್ಬೆರಳಿನಲ್ಲಿ ಒತ್ತಿದಳು. ಬಿಟ್ಟಳು. ಮತ್ತೆ ಒತ್ತಿದಳು. ಬಿಟ್ಟಳು.

"ಇದು ವಾಪಸ್ ಬರ್ತದೆ ಅಲ್ವಾ?" ಎಂದಳು. "ಒತ್ತಿದ್ದು ನಿಲ್ಲುದೇ ಇಲ್ಲ. ಇದರಲ್ಲಿ ನೀನು ಎಂತ ಅಳೆದದ್ದು?"

ನನ್ನ ಮುಖದ ನಗು ಹಾಗೆಯೇ ಒಣಗಿತು. ಹಲ್ಲಿನ ಡಾಕ್ಟರ ಬಳಿ ಈ ಮುದ್ದೆ ಮೆತ್ತಗಿರುವಾಗಲೇ ರೋಗಿ ಕಚ್ಚುತ್ತಾನೆ, ಗಟ್ಟಿಯಾಗುವವರೆಗೆ ಕಚ್ಚಿಕೊಂಡೇ ಇರುತ್ತಾನೆ. ಇಲ್ಲಿ ಹೆಡ್ ಕೂರಿಸಿ ಬೋಲ್ಟ್ ಬಿಗಿಯುವಷ್ಟರಲ್ಲಿ, ಏಪ್ರಿಲ್ ತಿಂಗಳ ಸೆಕೆಗೆ, ಅದು ರಬ್ಬರಾಗಿಬಿಟ್ಟಿತ್ತು. ಅಪ್ಪ ತಿರುಗಿಸಿದಾಗ ವಾಲ್ವು ಬಂದು ರಬ್ಬರನ್ನು ಒತ್ತಿತು, ಹೋಯಿತು. ರಬ್ಬರು ಎದ್ದು ಕುಳಿತಿತು. ನಾನು ಆ ಎದ್ದು ಕುಳಿತದ್ದನ್ನು ಅಳೆದು ಹಾರಿದ್ದೆ. ಇಪ್ಪತ್ತು ವರ್ಷದ ಅನುಭವ! ನನಗೆ ನನ್ನ ಮೇಲೇ ಎಷ್ಟು ಸಿಟ್ಟು ಬಂತೆಂದರೆ, ಆ ತುಂಡನ್ನು ಬೇಲಿಯಾಚೆ ಎಸೆದೆ. ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು. ಸಂಜೆ ಆ ಎಂಜಿನ್ ಶುರುವಾಗಿದ್ದರೆ? ಇದ್ದದ್ದು ಒಂದೇ ಸೆಟ್ಟು ಪಿಸ್ಟನ್, ಅಪ್ಪನಿಗೆ ಉಳಿದದ್ದು ಒಂದೇ ತಿಂಗಳು.

ಅಮ್ಮ ಮಾತ್ರ ಶಾಂತವಾಗಿ ತನ್ನ ಮುದ್ದೆಯಿಂದ ನೆಲ್ಲಿಕಾಯಿ ಗಾತ್ರದ ಉಂಡೆ ಹರಿದು ಎಣ್ಣೆ ಕೈಯಲ್ಲಿ ಹೊರಳಿಸಿದಳು. "ಇದನ್ನು ಇಡು. ಉಪ್ಪು, ಮೆಣಸು ಇನ್ನೂ ಹಾಕಲಿಲ್ಲ. ಒತ್ತಿದ್ದು ಒತ್ತಿದ ಹಾಗೆ ನಿಲ್ತದೆ."

ಗಲ್ಫಿನ ರೇಸ್ ಗ್ಯಾರೇಜಿನ ಮನುಷ್ಯ ಹಲಸಿನ ಹಿಟ್ಟನ್ನು ಪಿಸ್ಟನ್ನಿನ ಮೇಲೆ ಇಡುವಾಗ ಶಿಲುಬೆಯ ಗುರುತು ಮಾಡಿಕೊಂಡರು. ಮತ್ತೆ ಹೆಡ್ಡು, ಮತ್ತೆ ಬೋಲ್ಟು, ಮತ್ತೆ ಎರಡು ಸುತ್ತು. ಬಿಚ್ಚಿದಾಗ ಹಿಟ್ಟಿನಲ್ಲಿ ವಾಲ್ವಿನ ಅಂಚು ಅಚ್ಚುಕಟ್ಟಾಗಿ ಮೂಡಿತ್ತು. ನಾನು ಕ್ಯಾಲಿಪರ್ ಹುಡುಕುವ ಮೊದಲೇ ಅಮ್ಮ ಎರಡು ಬೆರಳಿನ ನಡುವೆ ಹಿಡಿದು ನೋಡಿ ಹೇಳಿದಳು.

"ಹಸಿ ಹಪ್ಪಳದಷ್ಟು ಉಂಟು. ಅಷ್ಟೇ."

ಕ್ಯಾಲಿಪರ್ 1.3 ಎಂದಿತು. ಮೆಕ್ಯಾನಿಕ್ ಸದ್ದಿಲ್ಲದೆ 1.7ರ ಸೆಟ್ಟನ್ನು ಕಳಚಿ ಟಿಫಿನ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. 1.6 ಹಾಕಿ, ಹೊಸ ಉಂಡೆ ಇಟ್ಟು ನೋಡಿದೆವು. 1.6 ಮಿಲಿಮೀಟರ್ ಬಂತು. ರೇಶಿಯೋವೂ ಅದೇ, ಜಾಗವೂ ಅದೇ ಸಂಖ್ಯೆ. ಮೆಕ್ಯಾನಿಕ್ ಇದನ್ನು ಶುಭಶಕುನ ಎಂದರು. ನಾನು ಬಾಯಿ ಮುಚ್ಚಿಕೊಂಡು ಕೈಗವಸು ಬಿಚ್ಚಿದೆ. ಆವತ್ತಿನಿಂದ ನಮ್ಮ ಮನೆಯಲ್ಲಿ ಮಿಲಿಮೀಟರಿಗೆ ಬೆಲೆಯಿಲ್ಲ. ಕಿಟಕಿಯ ಸಂದು ಎಷ್ಟು ಎಂದು ಬಡಗಿ ಕೇಳಿದರೂ ಅಪ್ಪ ಹಪ್ಪಳದ ಲೆಕ್ಕದಲ್ಲಿ ಹೇಳುತ್ತಾರೆ.

ಎಂಜಿನ್ ಶುರುವಾಯಿತು, ಹೊಗೆಯಿಲ್ಲದೆ, ಗಂಟಲು ಸರಿಮಾಡಿಕೊಂಡು. ಅಪ್ಪ ಎರಡು ವಾರ ಅದನ್ನು ಕಾಪು, ಉಡುಪಿ, ಕಾರ್ಕಳ ಎಂದು ಮೆಲ್ಲಗೆ ಓಡಿಸಿ ಹದಕ್ಕೆ ತಂದರು. ಮಣಿಪಾಲದ ಕಡೆಗೆ ಮಾತ್ರ ತಿರುಗಿಸಲಿಲ್ಲ. ಮೇ ತಿಂಗಳ ಕೊನೆಯ ಭಾನುವಾರ, ಲೈಸೆನ್ಸ್ ಮುಗಿಯಲು ಮೂರು ದಿನ ಇರುವಾಗ, ಬೆಳಿಗ್ಗೆ ಹೊರಟೆವು.

ತುಂಬಿದ ಗಾಡಿ ಎಂದರೆ ತುಂಬಿದ್ದೇ ಆಗಬೇಕು. ಡಿಕ್ಕಿಯಲ್ಲಿ ಎರಡು ಮೂಟೆ ಕುಚ್ಚಲಕ್ಕಿ. ಹಿಂದೆ ನಾನು ಮತ್ತು ಇಸ್ತ್ರಿ ಅಂಗಿಯ ಮೆಕ್ಯಾನಿಕ್, ನಮ್ಮ ನಡುವೆ ಇನ್ನೊಂದು ಮೂಟೆ. ಮುಂದೆ ಅಪ್ಪ. ಅವರ ಪಕ್ಕದಲ್ಲಿ ಅಮ್ಮ, ಮದುವೆಮನೆಗೆ ಹೊರಟ ಸೀರೆಯಲ್ಲಿ. "ಅಕ್ಕಿಗೂ ಮಣಿಪಾಲ ತೋರಿಸಿದ ಹಾಗಾಯ್ತು" ಎಂದಳು.

ಇಂದ್ರಾಳಿ ದಾಟಿತು. ಏರು ಶುರುವಾಯಿತು. ಮೂರನೇ ಗೇರು. ಕಾರು ಎಳೆಯಿತು! ಕಿರುಚಲಿಲ್ಲ, ಏದುಸಿರು ಬಿಡಲಿಲ್ಲ, ಎದೆತುಂಬ ಉಸಿರೆಳೆದುಕೊಂಡು ಗಂಭೀರವಾಗಿ ಹತ್ತಿತು. ನಾನು ಅಕ್ಕಿ ಮೂಟೆಗೆ ಗುದ್ದತೊಡಗಿದೆ. ಮೆಕ್ಯಾನಿಕ್ "ಕಮಾನ್ ಅಣ್ಣ, ಕಮಾನ್" ಎಂದು ಕೂಗಿದರು. ಕಡಿದಾದ ಜಾಗ ಬಂತು. ಆಗ ಅಪ್ಪನ ಎಡಗೈ ಎದ್ದು, ಗೇರಿನ ಕೋಲು ಹಿಡಿದು, ಟಕ್ ಎಂದು ಎರಡಕ್ಕೆ ಹಾಕಿಬಿಟ್ಟಿತು.

ಕಾರು ಕಿರುಚಿತು. ನಾವೆಲ್ಲ ಒಟ್ಟಿಗೇ, "ಯಾಕೆ?" ಎಂದು ಕಿರುಚಿದೆವು.

ಅಪ್ಪ ತಮ್ಮ ಕೈಯನ್ನೇ ಬೇರೆ ಯಾರದ್ದೋ ಎಂಬಂತೆ ನೋಡಿದರು. "ನಾನು ಹಾಕಲಿಲ್ಲ ಮಾರಾಯ್ರೇ! ಅದೇ ಹಾಕಿದ್ದು!"

ಆಮೇಲೆ ಬಂದ ನಗು ಇದೆಯಲ್ಲ, ಮೆಕ್ಯಾನಿಕ್ ಅಕ್ಕಿ ಮೂಟೆಯ ಮೇಲೆ ತಲೆಯಿಟ್ಟು ಅಳುವಂತೆ ನಕ್ಕರು. ಎಂಜಿನ್ ಬದಲಾಗಿತ್ತು, ರಾಕರ್ ಬದಲಾಗಿತ್ತು. ಮೂವತ್ತೆಂಟು ವರ್ಷ ಅದೇ ಜಾಗದಲ್ಲಿ ಅದೇ ಕೆಲಸ ಮಾಡಿದ ಕೈಯನ್ನು ಯಾವ ಲೇತಿಗೂ ಕಳಿಸಿರಲಿಲ್ಲ ನಾವು. ಮೇಲೆ ಹೋಗಿ ತಿರುಗಿಸಿ, ಇಳಿದು, ಇಂದ್ರಾಳಿಯಿಂದ ಮತ್ತೆ ಹತ್ತಿದೆವು. ಅಪ್ಪ ಗಟ್ಟಿಯಾಗಿ, "ಹಾಕುದಿಲ್ಲ, ಹಾಕುದಿಲ್ಲ" ಎಂದು ಹೇಳಿಕೊಳ್ಳುತ್ತಲೇ ಇದ್ದರು. ಅದೇ ಜಾಗ ಬಂತು. ಟಕ್. ಎರಡು.

ಈ ಸಲ ಅಪ್ಪ ನಗಲಿಲ್ಲ. ಮತ್ತೆ ಕೆಳಗೆ ಬಂದು ರಸ್ತೆ ಬದಿಯಲ್ಲಿ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕುಳಿತರು. "ಆಯ್ತು, ಮನೆಗೆ ಹೋಗುವ. ಗಾಡಿ ಹತ್ತುತ್ತದೆ ಅಂತ ಗೊತ್ತಾಯ್ತಲ್ಲ" ಎಂದರು. ನಾನು ಓಡಿಸುತ್ತೇನೆ ಎನ್ನಲು ಬಾಯಿ ತೆರೆದವಳು, ಅದು ಅವರಿಗೆ ಬೇಕಾದದ್ದಲ್ಲ ಎಂದು ಸುಮ್ಮನಾದೆ.

ಅಮ್ಮ ಸೀರೆಯ ಸೆರಗು ಸರಿಮಾಡಿಕೊಂಡು ಬೆಂಚು ಸೀಟಿನಲ್ಲಿ ಹತ್ತಿರ ಜರುಗಿದಳು. "ಮೊದಲು ಥರ್ಡಿಗೆ ಹಾಕಿ ಏರಿಗೆ ತನ್ನಿ. ಆಮೇಲೆ ಆ ಕೈ ಇಲ್ಲಿ ಕೊಡಿ."

"ಎಂತಕ್ಕೆ?"

"ಕೊಡಿ ಅಂದೆ."

ಹೊರಟೆವು. ಮೂರನೇ ಗೇರು ಬಿದ್ದ ಕೂಡಲೇ ಅಮ್ಮ ಅಪ್ಪನ ಎಡಗೈಯನ್ನು ತೆಗೆದು ತನ್ನ ಮಡಿಲಿಗೆ ಹಾಕಿ, ಎರಡೂ ಕೈಯಿಂದ ಹಿಡಿದುಕೊಂಡಳು. ಹಾಡಹಗಲಲ್ಲಿ, ಉಡುಪಿ-ಮಣಿಪಾಲ ರಸ್ತೆಯಲ್ಲಿ, ಮಗಳ ಎದುರಿಗೆ. ಅಪ್ಪನ ಕಿವಿ ಕೆಂಪಾಯಿತು. ಕಡಿದಾದ ಜಾಗ ಬಂದಾಗ ಆ ಕೈ ಎದ್ದದ್ದನ್ನು ನಾನು ಕಂಡೆ, ಅಮ್ಮನ ಬಳೆ ಸದ್ದಾಯಿತು. ಅಮ್ಮ ಬಿಡಲಿಲ್ಲ. ಕಾರು ಎಳೆಯಿತು, ಎಳೆಯುತ್ತಲೇ ಹೋಯಿತು. ಪಕ್ಕದಲ್ಲಿ ಒಂದು ಎಕ್ಸ್‌ಪ್ರೆಸ್ ಬಸ್ಸು ಸ್ಟಾಪಿನಲ್ಲಿ ಜನ ಹತ್ತಿಸುತ್ತ ನಿಂತಿತ್ತು. ನಿಂತ ಬಸ್ಸನ್ನು ಹಿಂದೆ ಹಾಕುವುದು ದೊಡ್ಡ ಸಾಹಸವಲ್ಲ, ಆದರೂ ಮೆಕ್ಯಾನಿಕ್ ಅರ್ಧ ದೇಹ ಕಿಟಕಿಯಿಂದ ಹೊರಗೆ ಹಾಕಿ, ಕಂಡಕ್ಟರನಿಗೆ ಎರಡೂ ಕೈಯಲ್ಲಿ ಟಾಟಾ ಮಾಡಿದರು. ಏನೂ ಅರ್ಥವಾಗದ ಆ ಪಾಪದ ಹುಡುಗ ತಿರುಗಿ ಟಾಟಾ ಮಾಡಿದ.

ಏರಿನ ತುದಿಯ ಟೈಗರ್ ಸರ್ಕಲ್ ಕಂಡಿತು. ಹತ್ತಿದ್ದೆವು. ಅಪ್ಪ ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು, ಮುಂದೆ ವಾಹನಗಳು ನಿಧಾನವಾಗುತ್ತಿದ್ದವು.

"ಇನ್ನು ಬಿಡು ಮಾರಾಯ್ತಿ, ಸೆಕೆಂಡಿಗೆ ಹಾಕಬೇಕು" ಎಂದರು.

"ನಲವತ್ತೆರಡು ವರ್ಷದ ಹಿಂದೆ ಸಹ ಇದನ್ನೇ ಹೇಳಿದ್ದು ನೀವು" ಎಂದಳು ಅಮ್ಮ. ಬಿಡಲಿಲ್ಲ.

ಬೇರೆ ದಾರಿಯಿರಲಿಲ್ಲ. ನಾನು ಹಿಂದಿನ ಸೀಟಿನಿಂದ ಇಬ್ಬರ ನಡುವೆ ಬಗ್ಗಿ ಕೈ ಚಾಚಿದೆ. ಅಪ್ಪ ಕ್ಲಚ್ ಒತ್ತಿದರು, ನಾನು ಗೇರ್ ಹಾಕಿದೆ.